ವರ್ತಕರ ದನಿ ವಿಧಾನಸೌಧ ಮುಟ್ಟುವ ದಾರಿ

ಕನಕಪುರದಿಂದ ಸಂಗಮ, ಮೇಕೆದಾಟಿನ ಕಡೆಗೆ ಹೋಗುವವರಿಗೆ ಉಯ್ಯಂಬಳ್ಳಿ ಹಾದಿಯಲ್ಲಿ ಸಿಗುವ ಹೋಬಳಿ. ರಾಗಿ, ಹುರುಳಿ, ಹಿಪ್ಪುನೇರಳೆ ಬೆಳೆಯುವ ಈ ಸೀಮೆಯ ಯಾವ ಹಳ್ಳಿಯಲ್ಲಾದರೂ ಒಂದು ದಿನಸಿ ಅಂಗಡಿ, ಒಂದು ಹಿಟ್ಟಿನ ಗಿರಣಿ, ಒಂದು ಟೀ ಹೋಟೆಲು ಇದ್ದೇ ಇರುತ್ತವೆ. ಗಿರಣಿಯ ಕರೆಂಟಿನ ದರವನ್ನು ನಿಗದಿ ಮಾಡುವುದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಅಂಗಡಿಯ ಸಾಮಾನಿನ ತೆರಿಗೆ ಎಷ್ಟೆಂದು ತೀರ್ಮಾನವಾಗುವುದು ಜಿಎಸ್‌ಟಿ ಮಂಡಳಿಯಲ್ಲಿ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಮಾಡಿದ್ದು ವಿಧಾನಮಂಡಲ. ರೈತ ತನ್ನ ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕೆಂಬ ನಿಯಮ ಬಂದಿದ್ದು 1959ರ ರೇಷ್ಮೆ ಕಾಯ್ದೆಯಿಂದ.

ಕಾನೂನು ಹೀಗೆ ಹಳ್ಳಿಯ ತನಕ ಬರುತ್ತದೆ. ಹಳ್ಳಿಯ ವರ್ತಕನ ಮಾತು ಕಾನೂನು ಮಾಡುವವರ ತನಕ ಹೋಗುವುದು ಹೇಗೆ? ರಾಜ್ಯ ಮಟ್ಟದಲ್ಲಿ ಆ ಕೆಲಸಕ್ಕೆಂದೇ ನೂರು ವರ್ಷ ದಾಟಿದ ಒಂದು ಸಂಸ್ಥೆ ಇದೆ. ಅದೇ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ, ಪತ್ರಿಕೆಗಳಲ್ಲಿ ನಾವು ದಿನವೂ ನೋಡುವ ಎಫ್‌ಕೆಸಿಸಿಐ.

1916ರ ಹುಟ್ಟು

ಅದು ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲ. 1911ರಲ್ಲಿ ಶುರುವಾದ ಮೈಸೂರು ಸಂಪದಭ್ಯುದಯ ಸಮಾಜ ಕೃಷಿ, ಶಿಕ್ಷಣ, ಕೈಗಾರಿಕೆಗಳ ಬಗ್ಗೆ ಯೋಜನೆಗಳನ್ನು ಹಾಕುತ್ತಿತ್ತು. 1913ರಲ್ಲಿ ಮೈಸೂರು ಬ್ಯಾಂಕ್ ಬಂತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಜೊತೆಜೊತೆಗೇ ಮೈಸೂರು ಚೇಂಬರ್ ಆಫ್ ಕಾಮರ್ಸ್ ಸ್ಥಾಪನೆಯಾಯಿತು. ಇಂದಿನ ಮಹಾಸಂಸ್ಥೆಯ ಬೇರು ಅದು. ಬಂಡವಾಳಕ್ಕೆ ಬ್ಯಾಂಕು, ವಿದ್ಯೆಗೆ ವಿಶ್ವವಿದ್ಯಾಲಯ ಇದ್ದಂತೆ ವ್ಯಾಪಾರಿಗಳ ಮಾತಿಗೂ ಒಂದು ನೆಲೆ ಬೇಕೆಂದು ಆ ತಲೆಮಾರು ತಿಳಿದಿತ್ತು.

ವರ್ತಕರನ್ನು ಕೂರಿಸಿಕೊಂಡು ಕೇಳುವ ಪದ್ಧತಿ ಮೈಸೂರಿಗೆ ಅದಕ್ಕೂ ಹಳೆಯದು. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದಾಗ ಬಂದಿದ್ದ 144 ಮಂದಿ ರೈತರು ಮತ್ತು ವರ್ತಕರೇ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರ ಸುಧಾರಣೆಯ ನಂತರ ವಾಣಿಜ್ಯದಂಥ ವಿಶೇಷ ವರ್ಗಗಳಿಗೂ ಅಲ್ಲಿ ಪ್ರಾತಿನಿಧ್ಯ ಸಿಕ್ಕಿತು.

ಕುರ್ಚಿ ಹೋಯಿತು, ಕೆಲಸ ಉಳಿಯಿತು

ಗಣರಾಜ್ಯದಲ್ಲಿ ಆ ಏರ್ಪಾಡು ಉಳಿಯಲಿಲ್ಲ. ಸಂವಿಧಾನದ 171ನೇ ವಿಧಿಯ ಪ್ರಕಾರ ವಿಧಾನ ಪರಿಷತ್ತಿನಲ್ಲಿ ಸ್ಥಳೀಯ ಸಂಸ್ಥೆಗಳಿಗೆ, ಪದವೀಧರರಿಗೆ, ಶಿಕ್ಷಕರಿಗೆ ಸ್ಥಾನಗಳಿವೆ. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಯಲ್ಲಿ ತೊಡಗಿದವರನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ. 75 ಸದಸ್ಯರ ನಮ್ಮ ಪರಿಷತ್ತಿನಲ್ಲಿ ವರ್ತಕರ ಕ್ಷೇತ್ರ ಎಂಬುದಿಲ್ಲ. ಇದು ಸರಿಯಾದದ್ದೇ. ಪ್ರಜಾಪ್ರಭುತ್ವದಲ್ಲಿ ಹಣ ಇದ್ದವರಿಗೆ ಪ್ರತ್ಯೇಕ ಮತ ಇರಬಾರದು. ಹಾಗಾಗಿ ವಾಣಿಜ್ಯ ಸಂಸ್ಥೆಗೆ ಉಳಿದಿರುವುದು ಒಂದೇ ದಾರಿ: ಅಂಕಿಅಂಶ ಹಿಡಿದು, ಬಹಿರಂಗವಾಗಿ, ಶಾಸನ ಮಾಡುವವರ ಮನ ಒಲಿಸುವುದು.

ಬೆಂಗಳೂರಿನ ಕೆಂಪೇಗೌಡ ರಸ್ತೆಯ ಎಫ್‌ಕೆಸಿಸಿಐ ಕಟ್ಟಡದಲ್ಲಿ ವರ್ಷವಿಡೀ ನಡೆಯುವುದು ಈ ಕೆಲಸವೇ. ರಾಜ್ಯ ಬಜೆಟ್‌ಗೆ ಮುಂಚೆ ಮುಖ್ಯಮಂತ್ರಿಗೆ ಬೇಡಿಕೆಗಳ ಮನವಿ ಸಲ್ಲುತ್ತದೆ. ವಿದ್ಯುತ್ ದರ ಪರಿಷ್ಕರಣೆಯ ಪ್ರಸ್ತಾವ ಬಂದರೆ ಆಯೋಗದ ಸಾರ್ವಜನಿಕ ವಿಚಾರಣೆಯಲ್ಲಿ ಆಕ್ಷೇಪಣೆ ಮಂಡನೆಯಾಗುತ್ತದೆ. ತೆರಿಗೆ, ಇಂಧನ, ಕಾರ್ಮಿಕ ಕಾನೂನು, ಎಪಿಎಂಸಿ ಮುಂತಾದ ಒಂದೊಂದು ವಿಷಯಕ್ಕೂ ಸದಸ್ಯರ ಸಮಿತಿ ಇರುತ್ತದೆ. ರಫ್ತುದಾರರಿಗೆ ಬೇಕಾದ, ಸರಕಿನ ಮೂಲ ದೇಶದ ಪ್ರಮಾಣಪತ್ರ ಇಲ್ಲಿ ಸಿಗುತ್ತದೆ. ವಿದ್ಯಾರ್ಥಿಗಳ ಉದ್ಯಮ ಯೋಜನೆಗಳಿಗೆ ‘ಮಂಥನ’ ಎಂಬ ಸ್ಪರ್ಧೆ ನಡೆಯುತ್ತದೆ. ಅಧ್ಯಕ್ಷರ ಅವಧಿ ಒಂದೇ ವರ್ಷ.

ಈ ಕ್ಷೇತ್ರದಲ್ಲಿ ಎಫ್‌ಕೆಸಿಸಿಐ ಒಂಟಿಯಲ್ಲ. ಹುಬ್ಬಳ್ಳಿಯಲ್ಲಿ 1928ರ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಇದೆ. ಸಣ್ಣ ಕೈಗಾರಿಕೆಗಳಿಗೆ 1949ರಲ್ಲಿ ಹುಟ್ಟಿದ ಕಾಸಿಯಾ ಇದೆ. 2023ರ ಮೇ ತಿಂಗಳಲ್ಲಿ ವಿದ್ಯುತ್ ದರ ಯೂನಿಟ್‌ಗೆ ಸರಾಸರಿ 70 ಪೈಸೆ ಏರಿದಾಗ ಹುಬ್ಬಳ್ಳಿಯ ಸಂಸ್ಥೆ ಜೂನ್ 22ರಂದು ಬಂದ್‌ಗೆ ಕರೆ ಕೊಟ್ಟಿತು. ಮನವಿ, ವಿಚಾರಣೆ, ನಿಯೋಗ, ಕೊನೆಗೆ ಬಂದ್ ಎಲ್ಲವೂ ಈ ಸಂಘಟನೆಗಳ ಕೈಯಲ್ಲಿರುವ ಸಾಧನಗಳು.

ಮಾತು ಗೆದ್ದಾಗ

2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬುದು ಅದರ ತಿರುಳು. ಉದ್ಯಮ ಸಂಘಟನೆಗಳಿಂದ ಬಲವಾದ ವಿರೋಧ ಬಂದು, ಕೆಲವೇ ದಿನಗಳಲ್ಲಿ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು.

ಉದ್ಯಮದ ಮಾತಿಗೆ ಎಷ್ಟು ತೂಕವಿದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಈ ಪ್ರಶ್ನೆಯನ್ನು ನಮ್ಮ ಸೀಮೆಯಿಂದಲೂ ನೋಡಬೇಕು. ಹಾರೋಹಳ್ಳಿ, ಬಿಡದಿಗಳಲ್ಲಿ ಕೈಗಾರಿಕಾ ಪ್ರದೇಶಗಳು ಎದ್ದ ನೆಲ ಇಲ್ಲಿಯ ರೈತರದ್ದು. ತಮ್ಮ ಮಕ್ಕಳಿಗೆ ಅಲ್ಲಿ ಕೆಲಸ ಸಿಗಲಿ ಎಂದು ಅವರು ಕೇಳುವುದು ನ್ಯಾಯ. ಕಾನೂನು ಬೇಡ ಎನ್ನುವ ಸಂಘಟನೆಗೆ ಆ ಮಕ್ಕಳನ್ನು ಕೆಲಸಕ್ಕೆ ತಯಾರು ಮಾಡುವ ಹೊಣೆಯೂ ಇದೆ. ಕನಕಪುರ, ಮಾಗಡಿಯ ಐಟಿಐಗಳಿಗೆ ಕಾರ್ಖಾನೆಗಳ ನಂಟು ಬೆಸೆಯುವ ಕೆಲಸಕ್ಕೆ ಯಾವ ಕಾನೂನಿಗೂ ಕಾಯಬೇಕಿಲ್ಲ.

ಮಾತು ತಲುಪದಿದ್ದಾಗ

2025ರ ಜುಲೈನಲ್ಲಿ ಬೇರೊಂದು ಪಾಠ ಸಿಕ್ಕಿತು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆಯದ್ದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಬಹಳ ಮಂದಿಗೆ ಈ ನಿಯಮವೇ ಗೊತ್ತಿರಲಿಲ್ಲ. ತಾಜಾ ತರಕಾರಿ, ಹಾಲಿಗೆ ತೆರಿಗೆಯೇ ಇಲ್ಲ. ಒಂದೂವರೆ ಕೋಟಿವರೆಗಿನ ಸರಕು ವ್ಯಾಪಾರಕ್ಕೆ ಶೇ 1ರ ರಾಜಿ ತೆರಿಗೆ ಪದ್ಧತಿ ಇದೆ. ಇವೂ ಗೊತ್ತಿರಲಿಲ್ಲ. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ಕಾಣಿಸಿಕೊಂಡಿತು. ಜುಲೈ 25ಕ್ಕೆ ಬಂದ್ ನಿಗದಿಯಾಯಿತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಿಂದಿನ ಬಾಕಿಗೆ ಒತ್ತಾಯವಿಲ್ಲ ಎಂಬ ಭರವಸೆ ಕೊಟ್ಟ ಮೇಲೆ ವರ್ತಕರು ಬಂದ್ ಕೈಬಿಟ್ಟರು.

ಜಿಎಸ್‌ಟಿ ಬಂದಿದ್ದು 2017ರ ಜುಲೈ 1ರಂದು. ಎಂಟು ವರ್ಷ ಕಳೆದರೂ ಅದರ ಮೂಲ ನಿಯಮ ಟೀ ಅಂಗಡಿಗೆ ತಲುಪಿರಲಿಲ್ಲ. ಈ ಲೋಪದಲ್ಲಿ ಇಲಾಖೆಗೆ ಎಷ್ಟು ಪಾಲಿದೆಯೋ ವಾಣಿಜ್ಯ ಸಂಘಟನೆಗಳಿಗೂ ಅಷ್ಟೇ ಪಾಲಿದೆ. ನಗರದಲ್ಲಿ ನಡೆಯುವ ಕಾರ್ಯಾಗಾರಗಳು ಒಳ್ಳೆಯವೇ. ಆದರೆ ದಿನದ ವ್ಯಾಪಾರ ಬಿಟ್ಟು ಉಯ್ಯಂಬಳ್ಳಿಯಿಂದ ಕೆಂಪೇಗೌಡ ರಸ್ತೆಗೆ ಬರುವವರು ಯಾರು?

ರೇಷ್ಮೆಯ ಕಥೆಯೂ ಹೀಗೆಯೇ. ಕೇಂದ್ರ ಸರ್ಕಾರ 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಅದರ ಬಿಸಿ ರಾಮನಗರದ ಗೂಡಿನ ಮಾರುಕಟ್ಟೆಗೂ, ರೀಲರುಗಳ ಮನೆಗೂ ತಟ್ಟಿತು. ಇಂಥ ತೀರ್ಮಾನ ಆಗುವ ಮುನ್ನವೇ ಬೆಳೆಗಾರ, ರೀಲರು, ವರ್ತಕ ಮೂವರ ಲೆಕ್ಕವನ್ನೂ ಸರ್ಕಾರದ ಮುಂದಿಡಬಲ್ಲ ಸಂಘಟನೆ ಬೇಕು. ನಷ್ಟ ಆದ ಮೇಲೆ ಬೀದಿಗಿಳಿಯುವುದಕ್ಕಿಂತ ಅದು ಮೇಲು.

ಹೋಬಳಿಗೊಂದು ಸದಸ್ಯತ್ವ ಶಿಬಿರ

ವಾಣಿಜ್ಯ ಸಂಸ್ಥೆಯ ರಾಜಕೀಯ ಬಲ ಅದರ ದೊಡ್ಡ ಸದಸ್ಯರಿಂದ ಬರಬಹುದು. ನೈತಿಕ ಬಲ ಬರುವುದು ಸಣ್ಣವರಿಂದಲೇ. ಶಾಸಕರ ಮುಂದೆ ‘ರಾಜ್ಯದ ವರ್ತಕರ ಪರವಾಗಿ’ ಎಂದು ಮಾತಾಡುವ ಸಂಸ್ಥೆಯ ಪಟ್ಟಿಯಲ್ಲಿ ಹೋಬಳಿಯ ಗಿರಣಿಯವನ ಹೆಸರೂ ಇರಬೇಕು, ಚನ್ನಪಟ್ಟಣದ ಗೊಂಬೆ ಮಾಡುವವರ ಹೆಸರೂ ಇರಬೇಕು. ಅದಕ್ಕೆ ಸಣ್ಣವರಿಗೆ ಎಟುಕುವ ಶುಲ್ಕ, ಕನ್ನಡದಲ್ಲಿ ಮಸೂದೆಗಳ ಸಾರಾಂಶ, ಸಂತೆಯ ದಿನ ನೋಡಿ ಹೋಬಳಿಯಲ್ಲೇ ತೆರಿಗೆ ಶಿಬಿರ, ಕ್ಷೇತ್ರದ ಶಾಸಕರೊಂದಿಗೆ ಅಧಿವೇಶನಕ್ಕೆ ಮುಂಚೆ ಒಂದು ಬಹಿರಂಗ ಸಭೆ, ಇಷ್ಟು ಸಾಕು.

ಅಂಗಡಿಯವರಿಗೂ ಒಂದು ಮಾತು. ನೋಟಿಸ್ ಬರುವ ತನಕ ಕಾಯಬೇಡಿ. ಹತ್ತು ಮಂದಿ ಸೇರಿ ಹೋಬಳಿ ವರ್ತಕರ ಸಂಘ ಕಟ್ಟಿ, ತಾಲ್ಲೂಕು, ಜಿಲ್ಲಾ ಸಂಘಗಳ ಮೂಲಕ ಮಹಾಸಂಸ್ಥೆಗೆ ಜೋಡಿಸಿಕೊಳ್ಳಿ. ಮುಂದಿನ ಬಜೆಟ್ ಮನವಿಯಲ್ಲಿ ಉಯ್ಯಂಬಳ್ಳಿಯ ಬೇಡಿಕೆಯೂ ಒಂದಿರಲಿ.