ನಾಯಿಯ ಉಗುರೂ ಅಡಕತ್ತರಿಯೂ

ತಿರುಮಕೂಡಲು ನರಸೀಪುರಕ್ಕೆ ಸಮೀಪವಾದ ಸೋಸಲೆ ನನ್ನ ಸ್ವಂತ ಊರು. ನನ್ನ ಬಾಲ್ಯದಲ್ಲಿ ಅಲ್ಲಿ ಯಾರೂ ನಾಯಿಯ ಉಗುರನ್ನು ಕತ್ತರಿಸಿದುದನ್ನು ನಾನು ಕಂಡವನಲ್ಲ. ಅದರ ಆವಶ್ಯಕತೆಯೂ ಇರಲಿಲ್ಲ. ಹೊಲದ ಬದುಗಳಲ್ಲಿಯೂ ಜಲ್ಲಿಯ ರಸ್ತೆಯಲ್ಲಿಯೂ ದಿನವಿಡೀ ಅಲೆಯುತ್ತಿದ್ದ ನಾಯಿಯ ಉಗುರು ಬೆಳೆದಷ್ಟನ್ನೂ ನೆಲವೇ ಸವೆಸಿಬಿಡುತ್ತಿತ್ತು. ಈಗ ನಮ್ಮ ಮನೆಗೆ ನುಣುಪಾದ ಗ್ರಾನೈಟ್ ನೆಲ ಬಂದಿದೆ. ನಾಯಿ ಗೇಟಿನೊಳಗೇ ಬೆಳೆಯುತ್ತದೆ. ಕಳೆದ ಬೇಸಗೆಯಲ್ಲಿ ಊರಿಗೆ ಹೋದಾಗ ನಮ್ಮ ಮುದಿ ನಾಯಿ ಹೆಜ್ಜೆಯಿಟ್ಟಾಗಲೆಲ್ಲ ಟಕ್ ಟಕ್ ಎಂಬ ಸದ್ದು ಕೇಳಿಸಿತು. ಅದು ಕುಂಟುತ್ತಲೂ ಇತ್ತು. “ವಯಸ್ಸಾಯಿತಲ್ಲಪ್ಪ, ಇನ್ನೇನು” ಎಂದರು ನಮ್ಮ ತಾಯಿ. ಮುಂಗಾಲನ್ನು ಎತ್ತಿ ನೋಡಿದರೆ, ಒಳಪಕ್ಕದ ಹೆಬ್ಬೆರಳಿನ ಉಗುರು ಬಳೆಯಂತೆ ಸುತ್ತಿ ಚರ್ಮವನ್ನು ಒತ್ತುತ್ತಿತ್ತು. ಈ ಉಗುರು ನೆಲಕ್ಕೆ ತಾಗದಿರುವುದರಿಂದ ತಾನಾಗಿ ಸವೆಯುವುದೇ ಅಪರೂಪ.

ಮನೆಯಲ್ಲಿದ್ದ ಕತ್ತರಿಯನ್ನು ತಂದು ಒಂದೇ ಸಲಕ್ಕೆ ಕತ್ತರಿಸಿದೆ. ನಾಯಿ ಚೀರಿತು, ರಕ್ತ ಹರಿಯಿತು. ಆಮೇಲೆ ಬಹಳ ದಿನ ಅದು ನನ್ನ ಕೈಗೆ ಕಾಲು ಕೊಡಲಿಲ್ಲ. ಕಾಲೇಜಿನಲ್ಲಿ ಬಲ, ಒತ್ತಡಗಳನ್ನು ಕುರಿತು ಪಾಠ ಹೇಳುವ ನಾನು ಮಾಡಿದ ತಪ್ಪುಗಳು ಯಾವುವೆಂಬುದನ್ನು ಓದುಗರ ಮುಂದಿಡುತ್ತೇನೆ.

ಮೊದಲನೆಯದು, ಉಗುರಿನ ರಚನೆಯನ್ನು ತಿಳಿಯದಿದ್ದುದು. ಉಗುರಿನ ಹೊರಕವಚವು ಕೂದಲು, ಕೊಂಬು, ಗೊರಸುಗಳಂತೆ ಕೆರಟಿನ್ ಎಂಬ ವಸ್ತುವಿನಿಂದಾದುದು. ಅದಕ್ಕೆ ನೋವಿಲ್ಲ. ಆದರೆ ಅದರ ಒಳಗೆ ರಕ್ತನಾಳಗಳೂ ನರಗಳೂ ತುಂಬಿದ ಜೀವಭಾಗವೊಂದುಂಟು. ಎತ್ತಿಗೆ ಲಾಳ ಕಟ್ಟುವವನು ಗೊರಸನ್ನು ಹೆರೆಯುವಾಗ ಎಲ್ಲಿ ನಿಲ್ಲಿಸಬೇಕೆಂದು ಬಲ್ಲನಷ್ಟೆ. ಇಲ್ಲಿಯೂ ಅದೇ ಎಚ್ಚರ ಬೇಕು. ಉಗುರು ಬಿಳಿದಾಗಿದ್ದರೆ ಬೆಳಕು ಅದನ್ನು ಹಾಯ್ದು ಬರುತ್ತದೆ. ಹಿಂದಿನಿಂದ ಟಾರ್ಚು ಹಿಡಿದರೆ ಜೀವಭಾಗವು ನಸುಗೆಂಪಾಗಿ ಕಾಣುವುದು. ಅದಕ್ಕೆ ಎರಡು ಮಿಲಿಮೀಟರಿನಷ್ಟು ಮುಂಚೆಯೇ ನಿಲ್ಲಬೇಕು. ಕಪ್ಪು ಉಗುರಿನಲ್ಲಿರುವ ವರ್ಣದ್ರವ್ಯವು ಬೆಳಕನ್ನು ಹೀರಿಬಿಡುತ್ತದೆ, ಟಾರ್ಚಿನಿಂದ ಪ್ರಯೋಜನವಿಲ್ಲ. ಆಗ ತುದಿಯಿಂದ ಒಂದೊಂದೇ ಮಿಲಿಮೀಟರಿನ ಚೂರನ್ನು ತೆಗೆಯುತ್ತ, ಪ್ರತಿ ಸಲವೂ ಕತ್ತರಿಸಿದ ಮುಖವನ್ನು ನೋಡಬೇಕು. ಮೊದಲು ಅದು ಸುಣ್ಣದಂತೆ ಒಣಗಿ ಬೆಳ್ಳಗಿರುತ್ತದೆ. ನಡುವೆ ತೇವದ ಕಪ್ಪು ಚುಕ್ಕೆಯೊಂದು ತೋರಿದೊಡನೆ ನಿಲ್ಲಿಸತಕ್ಕದ್ದು.

ಎರಡನೆಯದು, ಉಪಕರಣದ ತಪ್ಪು. ನಮ್ಮ ಉಗುರು ಚಪ್ಪಟೆ; ನಾಯಿಯದು ದುಂಡು. ಕಾಗದ ಕತ್ತರಿಸುವ ಕತ್ತರಿಯು ದುಂಡನೆಯ ಉಗುರನ್ನು ಕತ್ತರಿಸುವ ಬದಲು ಜಜ್ಜುತ್ತದೆ. ಅಡಕತ್ತರಿಯನ್ನು ನೆನೆಯಿರಿ. ಅಡಕೆಯನ್ನು ಅದರ ಕೀಲಿನ ಹತ್ತಿರ ಇಟ್ಟು, ಹಿಡಿಯ ತುದಿಯನ್ನು ಅದುಮುತ್ತೇವೆ. ಕೀಲಿನಿಂದ ಕೈಯ ದೂರವು ಅಡಕೆಯ ದೂರದ ಐದರಷ್ಟಿದ್ದರೆ, ಅಡಕೆಯ ಮೇಲೆ ಬೀಳುವ ಬಲವೂ ಸರಿಸುಮಾರು ಐದರಷ್ಟಾಗುತ್ತದೆ. ನಾಯಿಗಾಗಿಯೇ ಮಾಡಿದ ಉಗುರುಗತ್ತರಿಯೂ ಇಂತಹ ಸನ್ನೆಗೋಲೇ. ಆದರೆ ಬಲವೊಂದೇ ಸಾಲದು, ಅಲಗು ಹರಿತವಾಗಿರಬೇಕು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದುದು. ೧೦ ಮಿಲಿಮೀಟರು ಉದ್ದದ ಅಲಗಿನ ಅಂಚು ೦.೧ ಮಿಲಿಮೀಟರು ದಪ್ಪವಿದ್ದರೆ, ಬಲವೆಲ್ಲ ಒಂದು ಚದರ ಮಿಲಿಮೀಟರಿನ ಮೇಲೆ ಬೀಳುತ್ತದೆ. ಅದೇ ಅಂಚು ಮೊಂಡಾಗಿ ೧ ಮಿಲಿಮೀಟರು ದಪ್ಪವಾದರೆ ವಿಸ್ತೀರ್ಣವು ಹತ್ತು ಚದರ ಮಿಲಿಮೀಟರಾಗಿ, ಒತ್ತಡವು ಹತ್ತನೆಯ ಒಂದು ಭಾಗಕ್ಕಿಳಿಯುತ್ತದೆ. ಆಗ ಉಗುರು ತುಂಡಾಗುವ ಮೊದಲೇ ಹಿಚುಕಿ, ಒಳಗಿನ ನರಕ್ಕೆ ನೋವಾಗುತ್ತದೆ.

ಮೂರನೆಯದು ಅವಸರ. ಉದ್ದವಾದ ಉಗುರಿನೊಳಗೆ ಜೀವಭಾಗವೂ ಉದ್ದವಾಗಿಯೇ ಬೆಳೆದಿರುತ್ತದೆ. ತಿಂಗಳುಗಳ ಬೆಳವಣಿಗೆಯನ್ನು ಒಂದೇ ದಿನ ಸರಿಪಡಿಸಲಾಗದು. ವಾರಕ್ಕೊಮ್ಮೆ ತುದಿಯನ್ನು ಮಾತ್ರ ತೆಗೆಯುತ್ತ ಬಂದರೆ ಜೀವಭಾಗವು ತಾನಾಗಿ ಮೆಲ್ಲಮೆಲ್ಲನೆ ಹಿಂದಕ್ಕೆ ಸರಿಯುತ್ತದೆ. ಈ ವಿಷಯದಲ್ಲಿ ನೆನಪಿಡಬೇಕಾದ ಮುಖ್ಯ ಮಾತು ಇದೇ: ಸ್ವಲ್ಪ ಸ್ವಲ್ಪ, ಆದರೆ ಬಿಡದೆ.

ಇಷ್ಟೆಲ್ಲ ಶ್ರಮವೇಕೆ ಎಂದು ಕೇಳಬಹುದು. ಮುಧೋಳದ ಬೇಟೆನಾಯಿಯು ಬಯಲಿನಲ್ಲಿ ಓಡುವಾಗ ಉಗುರುಗಳು ಮಣ್ಣನ್ನು ಕಚ್ಚಿ ಹಿಡಿಯುತ್ತವೆ. ಕಲ್ಲಿನ ನೆಲದಲ್ಲಿ ಉಗುರು ಇಳಿಯಲಾರದು. ಹೆಜ್ಜೆಯಿಟ್ಟಾಗಲೆಲ್ಲ ನೆಲವು ಉಗುರಿನ ತುದಿಯನ್ನು ಮೇಲಕ್ಕೆ ತಳ್ಳುತ್ತದೆ. ಉದ್ದನೆಯ ಉಗುರೇ ಸನ್ನೆಯಾಗಿ ಬೆರಳಿನ ಕೀಲನ್ನು ತಿರುಚುತ್ತದೆ. ಹಿಡಿತ ಕೊಡಬೇಕಾದ ಅಂಗಾಲಿನ ಮೆತ್ತೆ ನೆಲಕ್ಕೆ ಸರಿಯಾಗಿ ಊರದೆ ನಾಯಿ ಜಾರುತ್ತದೆ. ಮುದಿ ನಾಯಿಗೆ ಇದು ದಿನದಿನದ ಯಾತನೆ.

ಕತ್ತರಿಸುವ ಕ್ರಮ ಹೀಗೆ. ಮೊದಲ ಕೆಲವು ದಿನ ಕತ್ತರಿ ಬೇಡ. ಪಾದವನ್ನು ಸವರಿ, ಒಂದು ಚೂರು ರೊಟ್ಟಿ ಕೊಡಿ. ಬಳಿಕ ಜಾರದ ಚಾಪೆಯ ಮೇಲೆ ನಿಲ್ಲಿಸಿ, ಒಬ್ಬರು ತಲೆಯನ್ನು ನೇವರಿಸುತ್ತಿರಲಿ, ಇನ್ನೊಬ್ಬರು ಕತ್ತರಿಸಲಿ. ಕಾಲನ್ನು ಪಕ್ಕಕ್ಕೆಳೆಯದೆ, ಅದು ಸಹಜವಾಗಿ ಮಡಿಯುವ ದಿಕ್ಕಿನಲ್ಲಿಯೇ ಎತ್ತಬೇಕು. ಒಂದು ದಿನಕ್ಕೆ ಒಂದೇ ಪಾದವಾದರೂ ನಷ್ಟವಿಲ್ಲ. ರಕ್ತ ಬಂದರೆ ಗಾಬರಿಪಡದೆ, ಹತ್ತಿಗೆ ಮೈದಾಹಿಟ್ಟನ್ನು ಹಚ್ಚಿ, ನಡುವೆ ತೆಗೆದು ನೋಡದೆ ಐದು ನಿಮಿಷ ಒತ್ತಿ ಹಿಡಿಯಿರಿ. ಆಗಲೂ ನಿಲ್ಲದಿದ್ದರೆ, ಅಥವಾ ಉಗುರು ಮಾಂಸದೊಳಕ್ಕೆ ಹೊಕ್ಕಿದ್ದರೆ, ಪಶುವೈದ್ಯರ ಬಳಿಗೆ ಒಯ್ಯಬೇಕು. ಈ ಕೆಲಸದಲ್ಲಿ ನಾಯಿ ಕಚ್ಚಿದರೆ ಇಲ್ಲವೆ ಪರಚಿದರೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು, ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ನಾಯಿಗೆ ರೇಬೀಸ್ ಚುಚ್ಚುಮದ್ದು ತಪ್ಪದೆ ಹಾಕಿಸಿರಬೇಕು.

ನಮ್ಮ ನಾಯಿಗೆ ಈಗ ತಾಯಿಯವರೇ ವಾರಕ್ಕೊಮ್ಮೆ ಉಗುರು ತೆಗೆಯುತ್ತಾರೆ. ಅಡಕೆಯನ್ನು ತೆಳ್ಳಗೆ ಹೆರೆದು ಪಳಗಿದ ಕೈ ಅವರದು. ಕುಂಟು ಹೋಗಿದೆ. ದಸರಾ ರಜೆಯಲ್ಲಿ ಹೋದಾಗ ನಾಯಿ ಬಾಗಿಲಿಗೆ ಬಂದುದು ಅದು ಕಾಲನ್ನು ಮೂಸುವವರೆಗೆ ನನಗೆ ತಿಳಿಯಲೇ ಇಲ್ಲ. ನೆಲದ ಮೇಲೆ ಸದ್ದಿರಲಿಲ್ಲ.