ಓಟದ ಫಲಿತಾಂಶಗಳೆಷ್ಟು?

ಶಹಾಬಜಾರದ ನಮ್ಮ ಓಣಿಯಲ್ಲಿ ಮೂವರು ಹುಡುಗರು ಓಟಕ್ಕೆ ನಿಂತರೆನ್ನಿ. ಅವರು ಎಷ್ಟು ಕ್ರಮಗಳಲ್ಲಿ ಗುರಿ ಮುಟ್ಟಬಹುದು? ಮೊದಲ ಸ್ಥಾನಕ್ಕೆ ಮೂವರು, ಎರಡನೆಯದಕ್ಕೆ ಉಳಿದ ಇಬ್ಬರು, ಕೊನೆಗೆ ಒಬ್ಬ. 3×2×1, ಅಂದರೆ 6. ‘ಆರ್’ ಎಂಬ ಅಂಕಿ-ಅಂಶ ವಿಶ್ಲೇಷಣೆಯ ತಂತ್ರಾಂಶಕ್ಕೆ ಇದೇ ನಿಯಮ ಬರೆದುಕೊಟ್ಟೆ. ಕ್ಷಣದಲ್ಲಿ 6 ಸಾಲುಗಳು ಮೂಡಿದವು. ಶಾಲೆಯ ಮೆಟ್ಟಿಲು ಹತ್ತದ ನಮ್ಮ ತಂದೆಯವರು ನೋಡಿ, “ಇಬ್ರು ಕೂಡೇ ಮುಟ್ಟಿದ್ರ?” ಎಂದರು. ನಾನು ನಿರುತ್ತರನಾದೆ.

ಇಬ್ಬರು ಕೂಡಿ ಮೊದಲಾಗುವ ಬಗೆ 3, ಇಬ್ಬರು ಕೂಡಿ ಕೊನೆಯಾಗುವ ಬಗೆ 3, ಮೂವರೂ ಸಮನಾಗುವುದು 1. ಸೇರಿಸಿದರೆ ಒಟ್ಟು 13. ಮೂವರಲ್ಲಿ ಇಬ್ಬರನ್ನು ಆರಿಸುವಂಥ ಲೆಕ್ಕಕ್ಕೆ ಸಾಮಾನ್ಯ ಸೂತ್ರವನ್ನು, ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 9ನೆಯ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದಾರೆ.

ಐವರು ಓಡಿದರೆ 120ರ ಬದಲು 541 ಆಗುತ್ತದೆ. ಹೇಳಿಕೊಟ್ಟಷ್ಟನ್ನೇ ಎಣಿಸುವುದು ಯಂತ್ರದ ಧರ್ಮ. ಏನೇನು ಸಂಭವವೆಂದು ಮೊದಲೇ ಯೋಚಿಸುವ ಭಾರ ನಮ್ಮದು.