ಜೀವಕೋಶದ ಒಂಟಿ ಕೂದಲು

1958ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮ್ಯಾಡಿನ್ ಮತ್ತು ಡಾರ್ಬಿ ಎಂಬ ವಿಜ್ಞಾನಿಗಳು ಕಾಕರ್ ಸ್ಪ್ಯಾನಿಯಲ್ ತಳಿಯ ಹೆಣ್ಣು ನಾಯಿಯೊಂದರ ಕಿಡ್ನಿಯಿಂದ ಜೀವಕೋಶಗಳನ್ನು ಬಿಡಿಸಿ ಪ್ರಯೋಗಾಲಯದಲ್ಲಿ ಬೆಳೆಸಿದರು. ಆ ನಾಯಿ ಹೋಗಿ ಎಷ್ಟು ಕಾಲವಾಯಿತೋ! ಅದರ ಕಿಡ್ನಿಯ ಕೋಶಗಳು ಮಾತ್ರ ಇಂದಿಗೂ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಲೇ ಇವೆ. ಎಂಡಿಸಿಕೆ ಎಂದು ಅವುಗಳ ಹೆಸರು. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಭಂಡಾರದಲ್ಲೂ ಇವೆ. ಬೆಳಗಾವಿ ಜಿಲ್ಲೆಯ ನಮ್ಮ ಹಾರೂಗೇರಿಯವರು ರಾಯಬಾಗದಲ್ಲಿ ರೈಲು ಹತ್ತಿದರೆ ಮಿರಜ ದಾಟಿ ಮುಂದೆ ಅದೇ ಪುಣೆ.

ಈ ಕೋಶಗಳ ನೆತ್ತಿಯ ಮೇಲೆ ಒಂದೇ ಒಂದು ಕೂದಲು ಇರುತ್ತದೆ: ಪ್ರೈಮರಿ ಸಿಲಿಯಂ. ನಮ್ಮ ಕಿಡ್ನಿಯ ಸೂಕ್ಷ್ಮ ನಾಳಗಳ ಒಳಮೈಯಲ್ಲೂ ಕೋಶಕ್ಕೊಂದರಂತೆ ಇದು ಮೂತ್ರದ ಹರಿವಿನೊಳಗೆ ಚಾಚಿಕೊಂಡಿರುತ್ತದೆ. ಉದ್ದ ಕೆಲವೇ ಮೈಕ್ರೋಮೀಟರ್, ದಪ್ಪ ಸುಮಾರು 0.2 ಮೈಕ್ರೋಮೀಟರ್. 1898ರಲ್ಲೇ ಝಿಮ್ಮರ್‌ಮನ್ ಎಂಬ ಅಂಗರಚನಾ ಶಾಸ್ತ್ರಜ್ಞ ಇದನ್ನು ಮನುಷ್ಯನ ಕಿಡ್ನಿಯಲ್ಲಿ ಕಂಡು ವರ್ಣಿಸಿದ್ದ. ಆಮೇಲೆ ಬಂದವರಲ್ಲಿ ಬಹುಪಾಲು ಜನ, ವಿಕಾಸದ ಹಾದಿಯಲ್ಲಿ ಉಳಿದುಹೋದ ಕೆಲಸಕ್ಕೆ ಬಾರದ ಅವಶೇಷ ಎಂದು ದಶಕಗಳ ಕಾಲ ಇದರತ್ತ ತಿರುಗಿ ನೋಡಲಿಲ್ಲ.

ಪ್ರಯೋಗಾಲಯದಲ್ಲಿ ಸಿಲಿಯಂ ಅಧ್ಯಯನ ಮಾಡುವವರಿಗೆ ಈ ಕೂದಲು ಬರಿಸುವುದೇ ಕಸುಬಿನ ಜೀವಾಳ. ವಿಭಜನೆಯ ಅವಸರದಲ್ಲಿರುವ ಕೋಶಕ್ಕೆ ಸಿಲಿಯಂ ಇರುವುದಿಲ್ಲ. ಕೋಶ ಇಬ್ಭಾಗವಾಗುವಾಗ ಬೇಕಾಗುವ ಸೆಂಟ್ರಿಯೋಲೇ ಈ ಕೂದಲಿಗೆ ಬುಡ. ಒಂದೇ ಹೊತ್ತಿಗೆ ಎರಡೂ ಕೆಲಸ ಅದರಿಂದಾಗದು. ಆದ್ದರಿಂದ ಕೋಶಗಳನ್ನು ಸುಮ್ಮನೆ ಕೂರಿಸಬೇಕು. ಎಂಡಿಸಿಕೆ ಕೋಶಗಳನ್ನು 37 ಡಿಗ್ರಿ ಶಾಖದ ಇನ್‌ಕ್ಯುಬೇಟರ್‌ನಲ್ಲಿ ಸಣ್ಣ ತೂತುಗಳ ಫಿಲ್ಟರ್ ಮೇಲೆ ಬಿತ್ತಿ, ಅವು ಒಂದಕ್ಕೊಂದು ಒತ್ತಿ ತುಂಬಿಕೊಂಡ ಮೇಲೂ ದಿನಗಟ್ಟಲೆ ಬಿಡುತ್ತಾರೆ. ಇಲಿಯ ಕಿಡ್ನಿಯಿಂದ ಬಂದ ಐಎಂಸಿಡಿ3 ಕೋಶಗಳಾದರೆ ಆಹಾರದಲ್ಲಿನ ಸೀರಂ ಎಂಬ ರಕ್ತದ ತಿಳಿಯನ್ನು ತೀರ ಕಡಿಮೆ ಮಾಡಿ ಒಂದೆರಡು ದಿನ ಉಪವಾಸ ಕೆಡವುತ್ತಾರೆ. ಹೊಟ್ಟೆ ತುಂಬಿದಾಗ ಮೂಡದ ಕೂದಲು ಉಪವಾಸದಲ್ಲಿ ಮೂಡುತ್ತದೆ! ಇದನ್ನು ತಿಳಿದ ದಿನದಿಂದ ನನ್ನ ತಲೆಯಲ್ಲಿ ಇದೇ ಕೂತಿದೆ.

ತೂತಿಲ್ಲದ ತಟ್ಟೆಯ ಮೇಲೆ ಬೆಳೆಸಿದರೆ ಇನ್ನೊಂದು ಸೊಗಸು ಕಾಣಬಹುದು. ಎಂಡಿಸಿಕೆ ಕೋಶಗಳು ಕಿಡ್ನಿಯ ಹಳೆಯ ರೂಢಿ ಬಿಡದೆ ಉಪ್ಪು, ನೀರನ್ನು ಕೆಳಗಡೆಗೆ ಸಾಗಿಸುತ್ತಲೇ ಇರುತ್ತವೆ. ನೀರು ಅಡಿಯಲ್ಲಿ ಸಿಕ್ಕಿಬಿದ್ದು ಕೋಶಗಳ ಹಾಳೆ ಹಂಚಿನ ಮೇಲಿನ ರೊಟ್ಟಿಯ ಹಾಗೆ ಅಲ್ಲಲ್ಲಿ ಉಬ್ಬುತ್ತದೆ.

ಮುಂದಿನದು ಬಣ್ಣದ ಕೆಲಸ. ಕೋಶಗಳನ್ನು ಪ್ಯಾರಾಫಾರ್ಮಾಲ್ಡಿಹೈಡ್‌ನಿಂದ ಇದ್ದಲ್ಲಿಯೇ ಬಿಗಿಗೊಳಿಸಿ, ಮಾರ್ಜಕದಿಂದ ಪೊರೆ ಸಡಿಲಿಸಿ, ಸಿಲಿಯಂನ ಟ್ಯೂಬುಲಿನ್ ಪ್ರೋಟೀನಿಗೆ ಅಂಟುವ ಪ್ರತಿಕಾಯ ಹಾಕುತ್ತಾರೆ. ಅದಕ್ಕೆ ಅಂಟುವ ಹೊಳೆಯುವ ಪ್ರತಿಕಾಯ ಆಮೇಲೆ. ಮೈಕ್ರೋಸ್ಕೋಪಿನಲ್ಲಿ ನೀಲಿ ಕೋಶಕೇಂದ್ರಗಳ ಪಕ್ಕ ಹಸಿರು ಗೀಟುಗಳು ಕಾಣುತ್ತವೆ. ನೆಟ್ಟಗೆ ನಿಂತ ಕೂದಲು ಮೇಲಿನಿಂದ ಬರೀ ಚುಕ್ಕೆ. ಉದ್ದ ಅಳೆಯುವವರು ಎಡವುವುದು ಇಲ್ಲೇ. ಅದಕ್ಕೇ ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ ಪದರ ಪದರವಾಗಿ ಚಿತ್ರ ತೆಗೆದು ಜೋಡಿಸುತ್ತಾರೆ.

ಕೂದಲಿನ ಮರ್ಯಾದೆ ಮರಳಿದ್ದು 2000ದಲ್ಲಿ. ಕ್ಲಾಮಿಡೊಮೊನಾಸ್ ಎಂಬ ನಿಂತ ನೀರಿನ ಪಾಚಿಗೆ ಈಜುವ ಬಾಲ ಕಟ್ಟಲು ಬೇಕಾದ ಜೀನ್, ಕಿಡ್ನಿಯಲ್ಲಿ ನೀರುಗುಳ್ಳೆಗಳಾಗುವ ಒಂದು ತಳಿಯ ಇಲಿಯಲ್ಲಿ ಕೆಟ್ಟಿದ್ದ ಜೀನ್, ಎರಡೂ ಒಂದೇ ಎಂದು ಪಾಝೂರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ತೋರಿಸಿದರು. ಆ ಇಲಿಯ ಕಿಡ್ನಿಯಲ್ಲಿ ಸಿಲಿಯಂಗಳು ಗಿಡ್ಡವಾಗಿದ್ದವು. ಮನುಷ್ಯರಲ್ಲಿ ವಂಶದಲ್ಲಿ ಬರುವ, ಇಂಥದೇ ಗುಳ್ಳೆಗಳಾಗುವ ಪಾಲಿಸಿಸ್ಟಿಕ್ ಕಿಡ್ನಿ ರೋಗದ ಪಿಕೆಡಿ1, ಪಿಕೆಡಿ2 ಜೀನ್‌ಗಳ ಪ್ರೋಟೀನುಗಳು ಸಿಲಿಯಂನಲ್ಲೂ ಇರುವುದು ಗೊತ್ತಾಯಿತು. ಈ ಕೂದಲು ಮೂತ್ರದ ಹರಿವನ್ನು ಅರಿಯುತ್ತದೆಯೇ, ಅರಿತರೆ ಹೇಗೆ ಎಂಬ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ.

ತಂದೆಗೋ ತಾಯಿಗೋ ಈ ಪಾಲಿಸಿಸ್ಟಿಕ್ ಕಿಡ್ನಿ ರೋಗವಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ನಮ್ಮ ಕಡೆಯವರು ಮಿರಜಕ್ಕೋ ಬೆಳಗಾವಿಗೋ ಹೋಗಿ ಸ್ಕ್ಯಾನ್ ಮಾಡಿಸಿದಾಗ ಗುಳ್ಳೆಗಳ ಸುದ್ದಿ ಕೇಳುತ್ತಾರೆ. ಕೂದಲಿನ ಸುದ್ದಿ ಅವರಿಗೆ ಯಾರೂ ಹೇಳುವುದಿಲ್ಲ. ರಾಯಬಾಗ, ಅಥಣಿ ಸೀಮೆಯಲ್ಲಿ ಬಿಎಸ್ಸಿ ಓದುವ ಮಕ್ಕಳಾದರೂ ಒಮ್ಮೆ ಇದನ್ನು ಕಣ್ಣಾರೆ ನೋಡಬೇಕು. ಇನ್‌ಕ್ಯುಬೇಟರ್ ನಡೆಸುವುದು ದುಬಾರಿ, ಕರೆಂಟು ಹೋದರೆ ಕೋಶಗಳ ಕತೆ ಮುಗಿಯಿತು. ಆದರೆ ಬಣ್ಣ ಕಟ್ಟಿದ ಸ್ಲೈಡಿಗೆ ಇನ್‌ಕ್ಯುಬೇಟರಿನ ಹಂಗಿಲ್ಲ. ಕತ್ತಲಲ್ಲಿ, ಫ್ರಿಜ್ಜಿನಲ್ಲಿಟ್ಟರೆ ವಾರಗಟ್ಟಲೆ ತಾಳುತ್ತದೆ. ತಾಲ್ಲೂಕಿಗೊಂದು ಈ ಹೊಳಪು ಕಾಣಿಸುವ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಇದ್ದಿದ್ದರೆ ಪುಣೆಯಲ್ಲಿ ಸಿದ್ಧವಾದ ಸ್ಲೈಡನ್ನು ರಾತ್ರಿ ರೈಲಿನಲ್ಲಿ ತಂದು ಮರುದಿನವೇ ಮಕ್ಕಳಿಗೆ ತೋರಿಸಬಹುದಿತ್ತು.